ಮೇ ತಿಂಗಳ ಬಿಸಿಲಲ್ಲಿ ಹೋಗಿ ತರುವಷ್ಟು ಬೇಕಾ?

ಪ್ರಶ್ನೆ: ನನಗೆ 41 ವರ್ಷ. ಕಲಬುರಗಿಯಲ್ಲಿ ಸರ್ಕಾರಿ ನೌಕರಿ, ಊರು ಯಾದಗಿರಿ ಜಿಲ್ಲೆ. ಹಾಸ್ಟೆಲ್‌ನಲ್ಲಿದ್ದು ಓದಿದವನು. ಆಗ ನನ್ನದು ಅಂತ ಇದ್ದದ್ದೆಲ್ಲ ಒಂದು ತಗಡಿನ ಟ್ರಂಕಿನಲ್ಲಿ ಹಿಡಿಯುತ್ತಿತ್ತು, ಆದರೂ ಆರಾಮಾಗಿದ್ದೆ. ಈಗ ಮೂರು ಅಲ್ಮಾರಿ ತುಂಬಿವೆ. ರಾತ್ರಿ ಊಟ ಆದಮೇಲೆ ಮೊಬೈಲ್ ಹಿಡಿದರೆ ಏನಾದರೂ ಆರ್ಡರ್ ಹಾಕದೆ ನಿದ್ದೆ ಬರೋದಿಲ್ಲ. ಪಾರ್ಸೆಲ್ ಬಂದ ದಿನ ಖುಷಿ. ಎರಡು ದಿನ ಕಳೆದರೆ ಮತ್ತೆ ಏನೋ ಖಾಲಿ ಖಾಲಿ. ಬೂಟು, ಚಪ್ಪಲಿ ಸೇರಿ ಒಂಬತ್ತು ಜೋಡಿ ಇವೆ, ಹಾಕೋದು ಎರಡು. ತಿಂಗಳಿಗೆ ಆರೂವರೆ ಸಾವಿರ ಇದಕ್ಕೇ ಹೋಗುತ್ತಿದೆ. ಮೂರು ತಿಂಗಳ ಹಿಂದೆ ಒಂದು ವಿಡಿಯೋ ನೋಡಿ, ಹುರುಪಿನಲ್ಲಿ ಅರ್ಧ ಸಾಮಾನು ಹೊರಗೆ ಹಾಕಿದೆ. ನನ್ನ ಹಳೆ ಪ್ಯಾಂಟುಗಳನ್ನು ಕೊಟ್ಟು ಹೆಂಡತಿ ಎರಡು ಸ್ಟೀಲ್ ಡಬ್ಬಿ ತಗೊಂಡಳು. ಒಂದೇ ತಿಂಗಳಲ್ಲಿ ಅಲ್ಮಾರಿ ಮತ್ತೆ ತುಂಬಿತು. ಕಡಿಮೆಯಲ್ಲಿ ಸಮಾಧಾನವಾಗಿರೋದು ಹೇಗೆ ಮೇಡಂ? ಅಥವಾ ನನ್ನ ಸ್ವಭಾವವೇ ಹೀಗಾ?

ಉತ್ತರ: ಸ್ಟೀಲ್ ಡಬ್ಬಿ ವಿಷಯ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ನಮ್ಮ ಕಡೆ ಸುಮಾರು ಮನೆಗಳಲ್ಲಿ ಇದೇ ಕಥೆ. ಬುಟ್ಟಿ ತುಂಬ ಪಾತ್ರೆ ಹೊತ್ತ ಹೆಣ್ಣುಮಗಳು ಓಣಿಗೆ ಬಂದಳೆಂದರೆ ಮನೆಯೊಳಗಿನ ಹಳೆ ಬಟ್ಟೆಗೆಲ್ಲ ಬೆಲೆ ಬರುತ್ತದೆ. ಎರಡು ಪ್ಯಾಂಟಿಗೆ ಒಂದು ಡಬ್ಬಿ. ಮೇಲೊಂದು ಸೀರೆ ಹಾಕಿದರೆ ಅದಕ್ಕಿಂತ ದೊಡ್ಡದು. ಅರ್ಧ ತಾಸು ಚೌಕಾಸಿ. ಕೊನೆಗೆ ನೋಡಿದರೆ ಅಲ್ಮಾರಿಯಲ್ಲಿದ್ದದ್ದು ಅಡುಗೆ ಮನೆಗೆ ಬಂದಿರುತ್ತದೆ, ಅಷ್ಟೇ. ನಿಮ್ಮ ಮನೆಯವರದ್ದು ಇದರಲ್ಲಿ ತಪ್ಪೇನಿಲ್ಲ. ನೀವು ಅಲ್ಮಾರಿಯಿಂದ ಶುರು ಮಾಡಿದ್ದು ತಪ್ಪು.

ಅಲ್ಮಾರಿ ಖಾಲಿ ಮಾಡೋದು ಒಂದು ಭಾನುವಾರದ ಕೆಲಸ. ಅದು ತುಂಬೋದು ಬೇರೆ ಹೊತ್ತಿನಲ್ಲಿ, ರಾತ್ರಿ ಊಟಕ್ಕೂ ನಿದ್ದೆಗೂ ನಡುವೆ. ಆ ಒಂದು ತಾಸನ್ನು ನೀವು ಮುಟ್ಟಲೇ ಇಲ್ಲ. ತೊಟ್ಟಿಯ ನೀರು ಚೆಲ್ಲಿ ನಳ ಹಾಗೇ ಬಿಟ್ಟಿರಿ.

ಹಾಗಾಗಿ ಮೊದಲು ಒಂದು ಕೆಲಸ ಮಾಡಿ. ಮೊಬೈಲ್‌ನಲ್ಲಿ ಹಳೆ ಆರ್ಡರ್‌ಗಳ ಪಟ್ಟಿ ಇರುತ್ತದಲ್ಲ, ಆರು ತಿಂಗಳದ್ದು ತೆಗೆದು ಒಂದು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆಯಿರಿ. ಏನು ತಗೊಂಡಿರಿ, ಯಾವ ತಾರೀಖು, ಎಷ್ಟು ಗಂಟೆಗೆ. ನೆನಪಾದರೆ ಆ ದಿನ ಏನಾಗಿತ್ತು ಅನ್ನೋದನ್ನೂ ಪಕ್ಕಕ್ಕೆ ಬರೆಯಿರಿ. ದುಡ್ಡಿನ ಲೆಕ್ಕ ಆಮೇಲೆ ಮಾಡೋಣ. ವರ್ಷಕ್ಕೆ 78 ಸಾವಿರ ಆಗುತ್ತದೆ ಅನ್ನೋದು ನಿಮಗೆ ಗೊತ್ತೇ ಇದೆ. ಗೊತ್ತಿದ್ದೂ ನಿಲ್ಲಿಸೋಕೆ ಆಗಲಿಲ್ಲ ಅಂದಮೇಲೆ ಅದನ್ನೇ ಮತ್ತೆ ಹೇಳಿ ನಿಮ್ಮನ್ನ ಅಳುಕಿಸೋದರಲ್ಲಿ ಅರ್ಥ ಇಲ್ಲ.

ನನ್ನ ಹತ್ತಿರ ಬರುವ ಕೆಲವರಿಗೆ ಈ ಕೆಲಸ ಕೊಡುತ್ತೇನೆ. ಬರೆದುಕೊಂಡು ಬಂದಾಗ ಮುಖ ಬೇರೆಯೇ ಇರುತ್ತದೆ. ಮಕ್ಕಳ ರಿಸಲ್ಟ್ ಬಂದ ರಾತ್ರಿ ಎರಡು ಆರ್ಡರ್. ಮೇಲಧಿಕಾರಿ ಎಲ್ಲರೆದುರು ಬೈದ ದಿನ ಒಂದು ವಾಚು. ಊರಿಂದ ಅಪ್ಪನ ಫೋನ್ ಬಂದು, ಹೊಲದ ಜಗಳದ ಮಾತಾಡಿದ ಮೇಲೆ ಒಂದು ಜೋಡಿ ಬೂಟು. ನಿಮ್ಮ ಪಟ್ಟಿಯಲ್ಲಿ ಏನು ಬರುತ್ತದೋ ನನಗೆ ಗೊತ್ತಿಲ್ಲ. ಒಂದು ಮಾತ್ರ ಊಹಿಸಬಲ್ಲೆ. ನಮ್ಮ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತದೆ. ಮನೆಗೆ ಬಂದು ಉಂಡು, ಕೂಲರ್ ಹಚ್ಚಿ, ಪರದೆ ಎಳೆದು ಅಡ್ಡಾದರೆ ಐದು ಗಂಟೆವರೆಗೆ ಹೊರಗೆ ಕಾಲಿಡುವ ಹಾಗಿಲ್ಲ. ಕೈಯಲ್ಲಿ ಮೊಬೈಲ್. ಆ ಎರಡು ತಿಂಗಳ ಮಧ್ಯಾಹ್ನಗಳನ್ನು ಸ್ವಲ್ಪ ಗಮನವಿಟ್ಟು ನೋಡಿ.

ಪಾರ್ಸೆಲ್ ಬಂದ ಎರಡು ದಿನಕ್ಕೆ ಖುಷಿ ಇಳಿಯೋದು ಯಾಕೆ ಅಂದರೆ, ಮಿದುಳಿನಲ್ಲಿ ‘ಬೇಕು’ ಅನ್ನೋದೂ ‘ಚೆನ್ನಾಗಿದೆ’ ಅನ್ನೋದೂ ಎರಡು ಬೇರೆ ಬೇರೆ ಕೆಲಸ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಅನ್ನುವವರು ಇದನ್ನು ಇಲಿಗಳಲ್ಲಿ ತೋರಿಸಿದರು. ಮಿದುಳಿನಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ಇಲ್ಲದ ಹಾಗೆ ಮಾಡಿದ ಇಲಿಯ ಬಾಯಿಗೆ ಸಕ್ಕರೆ ನೀರು ಬಿಟ್ಟರೆ ಅದು ಮೊದಲಿನಂತೆಯೇ ಚಪ್ಪರಿಸುತ್ತದೆ. ಆದರೆ ಎದುರಿಗೆ ತಿನಿಸು ಇಟ್ಟರೂ ತಾನಾಗಿ ಹೋಗಿ ತಿನ್ನೋದಿಲ್ಲ. ಅಂದರೆ ಡೋಪಮಿನ್ ಕೆಲಸ ಹೆಚ್ಚಾಗಿ ಓಡಿಸೋದು, ಸುಖ ಕೊಡೋದಲ್ಲ. ನೀವು ಚಿಕ್ಕವರಿದ್ದಾಗ ಜಾತ್ರೆಯ ಹಿಂದಿನ ರಾತ್ರಿ ನಿದ್ದೆ ಬರುತ್ತಿತ್ತಾ? ತೇರು ಎಳೆದು, ಬೆಂಡು ಬತ್ತಾಸು ತಿಂದು ಬಂದ ರಾತ್ರಿ ಮಾತ್ರ ಗಡದ್ದಾಗಿ ಮಲಗುತ್ತಿದ್ದಿರಿ. ಮೊಬೈಲ್ ಅಂಗಡಿಯವರು ನಿಮಗೆ ದಿನಾ ಮಾರುತ್ತಿರೋದು ಆ ಹಿಂದಿನ ರಾತ್ರಿಯನ್ನು. ‘ಆರ್ಡರ್ ಆಯಿತು’, ‘ಹೊರಟಿತು’, ‘ನಿಮ್ಮ ಊರಿಗೆ ಬಂತು’, ‘ಇವತ್ತು ಮನೆಗೆ ಬರುತ್ತದೆ’. ಪಾರ್ಸೆಲ್ ಒಡೆದ ಕೂಡಲೇ ಆ ನಾಟಕ ಮುಗಿಯಿತು. ಹೊಸದನ್ನು ಶುರು ಮಾಡಬೇಕು. ಇದು ನಿಮ್ಮ ಸ್ವಭಾವ ಅಲ್ಲ, ಎಲ್ಲರ ಮಿದುಳೂ ಹೀಗೇ.

ನನ್ನದೂ ಹೀಗೇ. ನಮ್ಮ ಮನೆ ಫ್ರಿಜ್ಜಿನ ಮೇಲೆ ಒಂದು ಕರೆಂಟಿನ ರೊಟ್ಟಿ ಮಷೀನು ಇದೆ. ನಾಲ್ಕು ವರ್ಷದಿಂದ ಧೂಳು ಕುಡಿಯುತ್ತಿದೆ. ಒಂದು ರಾತ್ರಿ ಹನ್ನೊಂದು ಗಂಟೆಗೆ ತರಿಸಿದ್ದು. ಗೋಧಿ ಹಿಟ್ಟಿಗೆ ಸರಿ ಇರಬಹುದು. ಜೋಳದ ಹಿಟ್ಟು ಅದರ ಮಾತು ಕೇಳಲಿಲ್ಲ. ಮೇಲಿನಿಂದ ಒತ್ತಿದ ಕೂಡಲೇ ನಾಲ್ಕು ಕಡೆ ಬಿರಿದು, ನಮ್ಮ ಜಿಲ್ಲೆಯ ನಕಾಶೆ ಹಾಗೆ ಆಗುತ್ತಿತ್ತು. ಯಾಕೆ ತರಿಸಿದೆ ಅಂತ ಆಮೇಲೆ ಯೋಚಿಸಿದೆ. ಆ ವಾರ ಅತ್ತೆಯವರು ಆಸ್ಪತ್ರೆಯಲ್ಲಿದ್ದರು. ಆಸ್ಪತ್ರೆ, ಕೆಲಸ, ಮನೆ, ಮತ್ತೆ ಹಂಚಿನ ಮುಂದೆ ನಿಂತು ರೊಟ್ಟಿ ಬಡಿಯೋದು. ಸಾಕಾಗಿ ಹೋಗಿತ್ತು. ನನಗೆ ಬೇಕಿದ್ದದ್ದು ನಾಲ್ಕು ದಿನ ರೊಟ್ಟಿ ಬಡಿಯೋದರಿಂದ ಬಿಡುವು. ಅದು ನಮ್ಮ ಮನೆಯಿಂದ ಎರಡು ಓಣಿ ಆಚೆ ಇರುವ ರೊಟ್ಟಿ ಕೇಂದ್ರದಲ್ಲಿ ಸಿಗುತ್ತಿತ್ತು. ಬಿಸಿ ರೊಟ್ಟಿಯೂ ಇತ್ತು, ಖಡಕ್ ರೊಟ್ಟಿಯೂ ಇತ್ತು. ನನಗೆ ಹೊಳೆಯಲಿಲ್ಲ, ಯಾಕೆಂದರೆ ‘ನನಗೆ ಸಾಕಾಗಿದೆ’ ಅಂತ ಬಾಯಿಬಿಟ್ಟು ಹೇಳೋದಕ್ಕಿಂತ ಆರ್ಡರ್ ಗುಂಡಿ ಒತ್ತೋದು ಸುಲಭ. ಆ ಮಷೀನನ್ನು ಬೇಕೆಂದೇ ಅಲ್ಲಿ ಇಟ್ಟಿದ್ದೇನೆ. ಕಣ್ಣಿಗೆ ಬೀಳಲಿ ಅಂತ.

ಈಗ ನಿಮ್ಮ ಟ್ರಂಕಿನ ವಿಷಯ. ಇಲ್ಲಿ ನಿಮ್ಮ ಜೊತೆ ಸ್ವಲ್ಪ ಜಗಳ ಆಡಬೇಕು. ಒಂದು ಟ್ರಂಕಿನಲ್ಲಿ ಆರಾಮಾಗಿದ್ದೆ ಅಂತ ಬರೆದಿದ್ದೀರಿ. ನಿಜವಾಗಿ ಆರಾಮಾಗಿದ್ದಿರಾ? ಹದಿನಾರು ಹದಿನೇಳರ ಹುಡುಗನಿಗೆ ಗೆಳೆಯರಿದ್ದರು, ಹೊಟ್ಟೆ ತುಂಬ ಹಸಿವಿತ್ತು, ಕಣ್ತುಂಬ ನಿದ್ದೆ ಇತ್ತು, ಮನೆ ಸಾಲದ ಕಂತು ಇರಲಿಲ್ಲ. ಆ ಆರಾಮನ್ನು ಟ್ರಂಕಿನ ಲೆಕ್ಕಕ್ಕೆ ಬರೆಯಬೇಡಿ. ಅದೇ ಹುಡುಗ ಪಕ್ಕದ ಮಂಚದವನ ಹೊಸ ಬೂಟನ್ನು ಹೇಗೆ ನೋಡುತ್ತಿದ್ದ ಅನ್ನೋದನ್ನೂ ನೆನಪು ಮಾಡಿಕೊಳ್ಳಿ. ನಾನು ಊಹೆ ಮಾಡಿ ಹೇಳುತ್ತಿದ್ದೇನೆ, ತಪ್ಪಿದ್ದರೆ ಬಿಟ್ಟುಬಿಡಿ. ಆದರೆ ಮೂರು ಅಲ್ಮಾರಿ ಸಾಮಾನಿನಲ್ಲಿ ನೀವು ಎಣಿಸಿ ಲೆಕ್ಕ ಹೇಳಿದ್ದು ಒಂದನ್ನೇ, ಕಾಲಿಗೆ ಹಾಕುವುದನ್ನು. ಹಾಸ್ಟೆಲ್‌ನಲ್ಲಿ ನಿಮ್ಮ ಕಾಲಲ್ಲಿ ಏನಿತ್ತು? ಬಾರು ಕಿತ್ತರೆ ಪಿನ್ನು ಚುಚ್ಚಿ ಮತ್ತೆ ಹಾಕುವ ಹವಾಯಿ ಚಪ್ಪಲಿಯಾ?

ಹಾಗಿದ್ದರೆ ಆ ಒಂಬತ್ತು ಜೋಡಿ 41 ವರ್ಷದವರಿಗೆ ತಂದದ್ದಲ್ಲ. ಆ ಹುಡುಗನಿಗೆ ತಂದದ್ದು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಬಡತನದಲ್ಲಿ ಬೆಳೆದವರು ಕೈಗೆ ದುಡ್ಡು ಬಂದಾಗ ಮೊದಲು ಹಳೆ ಕೊರತೆ ತೀರಿಸುತ್ತಾರೆ. ಅನ್ನ ಕಾಣದೆ ಬೆಳೆದವರ ಮನೆಯಲ್ಲಿ ಇವತ್ತಿಗೂ ಹತ್ತು ಜನಕ್ಕೆ ಹೆಚ್ಚಾಗಿಯೇ ಬೇಯುತ್ತದೆ. ತೊಂದರೆ ಏನೆಂದರೆ ಆ ಹುಡುಗನಿಗೆ ಪಾರ್ಸೆಲ್ ತಲುಪೋದಿಲ್ಲ. ಒಂಬತ್ತಲ್ಲ, ತೊಂಬತ್ತು ಜೋಡಿ ತಂದರೂ ಆತ ಅಲ್ಲೇ, ಆ ಮಂಚದ ಮೇಲೆ ಕೂತಿರುತ್ತಾನೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅಂತ ನಿಮಗೆ ಈಗಾಗಲೇ ಹತ್ತು ಜನ ಹೇಳಿರುತ್ತಾರೆ. ನಾನು ಹೇಳೋದಿಲ್ಲ. ಹಾಸಿಗೆಯೇ ಇಲ್ಲದೆ ಬೆಳೆದವರಿಗೆ ಆ ಗಾದೆ ಸಾಂತ್ವನ ಕೊಡೋದಿಲ್ಲ.

ಸರಿ, ರಾತ್ರಿ ಹತ್ತು ಗಂಟೆಗೆ ಬರೋಣ. ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ನಾನು ಯಾರಿಗೂ ಹೇಳೋದಿಲ್ಲ, ಆ ಹೊತ್ತಿಗೆ ಮನಸ್ಸು ಅಷ್ಟೊತ್ತಿಗಾಗಲೇ ಮಲಗಿರುತ್ತದೆ. ದಾರಿಗೆ ಅಡ್ಡ ಕಲ್ಲು ಇಡಿ. ಶಾಪಿಂಗ್ ಆ್ಯಪ್‌ಗಳನ್ನು ಮೊಬೈಲ್‌ನಿಂದ ತೆಗೆಯಿರಿ. ಬೇಕಾದರೆ ಮತ್ತೆ ಹಾಕಿಕೊಳ್ಳಬಹುದು, ಆದರೆ ಪಾಸ್‌ವರ್ಡ್ ಹುಡುಕಬೇಕು, ಓಟಿಪಿ ಬರಬೇಕು, ಅಷ್ಟರಲ್ಲಿ ಅರ್ಧ ಹುಮ್ಮಸ್ಸು ಇಳಿಯುತ್ತದೆ. ಆ್ಯಪ್‌ನಲ್ಲಿ ಉಳಿಸಿಟ್ಟ ಕಾರ್ಡ್ ನಂಬರ್ ಅಳಿಸಿ. ಮಲಗುವ ಕೋಣೆಯಲ್ಲಿ ಚಾರ್ಜರ್ ಬೇಡ, ಅದು ಪಡಸಾಲೆಯಲ್ಲಿರಲಿ.

ಕೊಳ್ಳಬೇಕು ಅನಿಸಿದ್ದನ್ನು ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಯಿರಿ. ಪಕ್ಕದಲ್ಲಿ ಒಂದು ಪ್ರಶ್ನೆ: ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಗೆ ಹೋಗಿ, ಅಂಗಡಿ ಅಂಗಡಿ ತಿರುಗಿ, ಕೈಯಲ್ಲಿ ಹಿಡಿದು ನೋಡಿ, ನಗದು ಎಣಿಸಿ ಕೊಟ್ಟು ತರುವಷ್ಟು ಬೇಕಾ? ಕಲಬುರಗಿ ಬಿಸಿಲು ನಿಮಗೆ ಗೊತ್ತು. 42, 43 ಡಿಗ್ರಿಯಲ್ಲಿ ಗಾಡಿಯ ಸೀಟು ಹಂಚಿನ ಹಾಗೆ ಕಾದಿರುತ್ತದೆ. ಮಗಳ ಜ್ವರದ ಔಷಧಿಗೆ ಹೋಗುತ್ತೀರಿ. ಮನೆಯ ಕೂಲರಿನ ಪಂಪು ಸುಟ್ಟರೆ ಖಂಡಿತ ಹೋಗುತ್ತೀರಿ. ಹತ್ತನೇ ಜೋಡಿ ಬೂಟಿಗೆ ಹೋಗುತ್ತೀರಾ? ನಾನು ಇದಕ್ಕೆ ಬಿಸಿಲು ಪರೀಕ್ಷೆ ಅಂತ ಹೆಸರಿಟ್ಟಿದ್ದೇನೆ. ಡಿಸೆಂಬರ್‌ನಲ್ಲೂ ಕೆಲಸ ಮಾಡುತ್ತದೆ, ನೆನೆಸಿಕೊಂಡರೆ ಸಾಕು. ಪಾಸಾದದ್ದನ್ನು ಧಾರಾಳವಾಗಿ ತಗೊಳ್ಳಿ. ಆದರೆ ಅಂಗಡಿಗೆ ಹೋಗಿ ತಗೊಳ್ಳಿ.

ನಗದು ಅಂದಿದ್ದಕ್ಕೂ ಕಾರಣ ಇದೆ. 2001ರಲ್ಲಿ ಪ್ರೆಲೆಕ್ ಮತ್ತು ಸಿಮೆಸ್ಟರ್ ಅನ್ನುವ ಇಬ್ಬರು ಅಮೆರಿಕದ ಎಂಐಟಿಯಲ್ಲಿ ನಡೆಸಿದ ಒಂದು ಪ್ರಯೋಗ ಪ್ರಕಟವಾಯಿತು. ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ಟನ್ನು ವಿದ್ಯಾರ್ಥಿಗಳ ನಡುವೆ ಹರಾಜು ಹಾಕಿದರು. ಅರ್ಧ ಜನಕ್ಕೆ ನಗದು ಕೊಡಬೇಕು ಅಂದರು, ಉಳಿದವರಿಗೆ ಕ್ರೆಡಿಟ್ ಕಾರ್ಡ್ ಅಂದರು. ಕಾರ್ಡಿನವರು ಕೂಗಿದ ಬೆಲೆ ನಗದಿನವರ ಸುಮಾರು ಎರಡು ಪಟ್ಟು. ಟಿಕೆಟ್ ಅದೇ, ಜನವೂ ಅಂಥವರೇ. ಕೈಯಿಂದ ನೋಟು ಹೋಗುವಾಗ ಆಗುವ ಸಣ್ಣ ನೋವು ಕಾರ್ಡಿನಲ್ಲಿ ಆಗೋದಿಲ್ಲ. ನಮ್ಮಲ್ಲಿ 2016ರಲ್ಲಿ ಯುಪಿಐ ಬಂದಮೇಲೆ ಕಾರ್ಡೂ ಬೇಡ, ನಾಲ್ಕೋ ಆರೋ ಅಂಕಿ ಒತ್ತಿದರೆ ಮುಗಿಯಿತು. ತರಕಾರಿ, ಆಟೋಗೆ ಅದು ಬಹಳ ಒಳ್ಳೇದು, ನಾನೂ ಬಳಸುತ್ತೇನೆ. ಬೇಕೋ ಬೇಡವೋ ಅನ್ನೋ ಸಾಮಾನಿಗೆ ಮಾತ್ರ ನೋಟು ಎಣಿಸಿ.

ಕಂತಿನ ಬಗ್ಗೆ ಎರಡೇ ಮಾತು. ಸೊನ್ನೆ ಬಡ್ಡಿ ಅಂತ ಹೇಳಿ ಕೊಡುವ ಯೋಜನೆಗಳನ್ನು ನಿಲ್ಲಿಸಿ ಅಂತ 2013ರಲ್ಲೇ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ಈಗಿನ ‘ನೋ ಕಾಸ್ಟ್’ ಕಂತಿನಲ್ಲಿ ಬಡ್ಡಿಯನ್ನು ರಿಯಾಯಿತಿಯ ರೂಪದಲ್ಲಿ ಮುಚ್ಚುತ್ತಾರೆ, ಆದರೆ ಕ್ರೆಡಿಟ್ ಕಾರ್ಡಿನ ಬಡ್ಡಿಯ ಮೇಲಿನ 18% ಜಿಎಸ್‌ಟಿ ನಿಮ್ಮ ಬಿಲ್ಲಿಗೇ ಬರುತ್ತದೆ. ಇನ್ನು ‘ಎರಡೇ ಉಳಿದಿವೆ’, ‘ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತದೆ’ ಅಂತ ತೋರಿಸೋದು. ಅದು ಸುಳ್ಳಾಗಿದ್ದರೆ ಈಗ ಕಾನೂನಿಗೇ ವಿರುದ್ಧ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ ಕಣ್ಕಟ್ಟುಗಳನ್ನು ಹೆಸರಿಸಿ ನಿಷೇಧಿಸಿದೆ. ಸುಳ್ಳು ಅವಸರ ಹುಟ್ಟಿಸೋದು, ಕೇಳದೆ ಬುಟ್ಟಿಗೆ ಸಾಮಾನು ಸೇರಿಸೋದು ಎರಡೂ ಅದರಲ್ಲಿವೆ. ದೂರು ಕೊಡೋಕೆ 1915 ಸಹಾಯವಾಣಿ ಇದೆ.

ಇಷ್ಟಾದರೆ ನಳ ಅರ್ಧ ಬಂದ್ ಆಗುತ್ತದೆ. ಆದರೆ ನೀವು ಕೇಳಿದ್ದು ಸಮಾಧಾನದ ಬಗ್ಗೆ. ಬರೀ ಕೊಳ್ಳೋದನ್ನು ನಿಲ್ಲಿಸಿದರೆ ಸಮಾಧಾನ ಬರೋದಿಲ್ಲ, ಚಡಪಡಿಕೆ ಬರುತ್ತದೆ. ಮೊದಲ ಎರಡು ಮೂರು ವಾರ ಬಂದೇ ಬರುತ್ತದೆ, ಹೆದರಬೇಡಿ.

ಹಳಬರು ಕಡಿಮೆಯಲ್ಲಿ ಬದುಕಿದರು, ಅದಕ್ಕೇ ನೆಮ್ಮದಿಯಾಗಿದ್ದರು ಅಂತ ಭಾಷಣದಲ್ಲಿ ಹೇಳುತ್ತಾರೆ. ನನಗೆ ಆ ಮಾತು ಅಷ್ಟಾಗಿ ಹಿಡಿಸೋದಿಲ್ಲ. ಇಲ್ಲದ್ದಕ್ಕೆ ಕಡಿಮೆಯಲ್ಲಿದ್ದರು. ಅನುಕೂಲ ಇದ್ದ ಮನೆಯವರು ಕೂಡಿಟ್ಟೇ ಬದುಕಿದ್ದು. ಹಗೇವು ನೋಡಿದ್ದೀರಲ್ಲ? ಆಳದ ಗುಂಡಿ ತೋಡಿ, ಒಳಗೆ ಸುತ್ತ ಒಣ ಹುಲ್ಲು ಹಾಕಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಒಳಗಿನ ಗಾಳಿ ಹೊರಗೆ ಹೋಗಲಿ ಅಂತ ಕಾಯಬೇಕಿತ್ತು. 1972ರ ಬರದಲ್ಲಿ ಹಗೇವು ತೆಗೆದು ಊಟ ಮಾಡಿದ್ದನ್ನು ನಮ್ಮ ಅವ್ವ ಸಾಯುವವರೆಗೂ ಹೇಳುತ್ತಿದ್ದಳು. ಅದು ದುರಾಸೆ ಆಗಿರಲಿಲ್ಲ. ಮಳೆ ಕೈಕೊಟ್ಟರೆ ಎಷ್ಟು ಬಾಯಿಗೆ ಎಷ್ಟು ದಿನ ಅನ್ನೋ ಲೆಕ್ಕ ಇತ್ತು.

ಇನ್ನೊಂದು ಕಡೆ ನಮ್ಮ ಬೀದರ ಜಿಲ್ಲೆಯ ಕಲ್ಯಾಣದಲ್ಲೇ, 12ನೇ ಶತಮಾನದಲ್ಲಿ, ಆಯ್ದಕ್ಕಿ ಲಕ್ಕಮ್ಮನ ಕಥೆ. ಗಂಡ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಹೆಚ್ಚು ತಂದ. ಹೆಚ್ಚಾದದ್ದನ್ನು ಅಲ್ಲೇ ಹಾಕಿ ಬಾ ಅಂತ ಆಕೆ ವಾಪಸ್ ಕಳಿಸಿದಳು. ಆಸೆ ಬಿಡಬೇಕು ಅನ್ನೋದಕ್ಕೆ ಈ ಕಥೆ ಹೇಳುತ್ತಾರೆ. ನನ್ನ ಗಮನ ಹೋಗೋದು ಬೇರೆ ಕಡೆ. ಹೆಚ್ಚಾಗಿದೆ ಅಂತ ಆಕೆಗೆ ಗೊತ್ತಾಗಿದ್ದು ಹೇಗೆ? ದಿನಾ ಬೇಯಿಸುವ ಕೈಗೆ ಅಳತೆ ಗೊತ್ತಿತ್ತು. ಹಗೇವಿನವರಿಗೂ ಅಳತೆ ಇತ್ತು, ಲಕ್ಕಮ್ಮನಿಗೂ ಇತ್ತು. ಒಬ್ಬರದ್ದು ಮುಂದಿನ ಮಳೆವರೆಗೆ, ಇನ್ನೊಬ್ಬರದ್ದು ಇವತ್ತಿಗೆ. ನಿಮ್ಮ ಬೂಟಿಗೆ, ಶರ್ಟಿಗೆ ಅಳತೆ ಏನು? ಇಲ್ಲ ಅಲ್ವಾ? ಅಳತೆ ಇಲ್ಲದ ಕಡೆ ‘ಸಾಕು’ ಅನ್ನೋ ಮಾತು ಹುಟ್ಟೋದೇ ಇಲ್ಲ.

ಆದ್ದರಿಂದ ಅಳತೆ ಇಡಿ, ನಿಮಗೆ ತಕ್ಕ ಹಾಗೆ. ಕಾಲಿಗೆ ನಾಲ್ಕು ಜೋಡಿ ಹಿಡಿಯುವ ಸ್ಟ್ಯಾಂಡು, ಶರ್ಟಿಗೆ ಒಂದು ಖಾನೆ. ಹೊಸದು ಬರಬೇಕಾದರೆ ಹಳೆಯದು ಮೊದಲು ಹೋಗಲಿ, ಜಾಗ ಎಂಟು ದಿನ ಖಾಲಿ ಇರಲಿ. ಆ ಎಂಟು ದಿನದಲ್ಲಿ ಅದರ ಕೊರತೆ ನಿಜವಾಗಿ ಕಂಡರೆ ತಗೊಳ್ಳಿ. ಇಲ್ಲಿ ಒಂದು ಎಚ್ಚರ. ಹೊಸ ಸಾಮಾನು ಒಂಟಿಯಾಗಿ ಬರೋದಿಲ್ಲ. ಹೊಸ ಸೋಫಾ ಬಂದರೆ ಪರದೆ ಹಳೆಯದು ಕಾಣುತ್ತದೆ, ಪರದೆ ಬದಲಿಸಿದರೆ ಗೋಡೆ ಮಂಕಾಗುತ್ತದೆ. 18ನೇ ಶತಮಾನದ ಫ್ರೆಂಚ್ ಲೇಖಕ ದಿದೆರೊ ಒಂದು ಹೊಸ ನಿಲುವಂಗಿ ಬಂದ ಮೇಲೆ ತನ್ನ ಕೋಣೆಯ ಕುರ್ಚಿ, ಮೇಜು ಎಲ್ಲ ಬದಲಾದ ಫಜೀತಿಯನ್ನು ಬರೆದುಕೊಂಡಿದ್ದಾನೆ. 1988ರಲ್ಲಿ ಗ್ರಾಂಟ್ ಮೆಕ್‌ಕ್ರಾಕನ್ ಅನ್ನುವ ಮಾನವಶಾಸ್ತ್ರಜ್ಞರು ಇದಕ್ಕೆ ದಿದೆರೊ ಎಫೆಕ್ಟ್ ಅಂತಲೇ ಹೆಸರಿಟ್ಟರು. ನಿಮ್ಮ ಪಟ್ಟಿಯಲ್ಲೂ ಇಂಥ ಸರಪಳಿ ಒಂದೆರಡು ಸಿಕ್ಕೇ ಸಿಗುತ್ತವೆ.

ಅಳತೆಗಿಂತ ನನಗೆ ಮುಖ್ಯ ಅನಿಸೋದು ಬಳಕೆ. ನಮ್ಮ ಮನೆಯಲ್ಲಿ ಒಂದು ಕೌದಿ ಇದೆ, ಅವ್ವ ಹೊಲಿದದ್ದು. ಮೇಲೆ ಇಲಕಲ್ ಸೀರೆಯ ತುಂಡು, ಒಳಗೆ ಅಪ್ಪನ ಧೋತರದ ಪದರ. ಒಂದು ಮೂಲೆಯಲ್ಲಿ ನನ್ನ ತಂಗಿಯ ಕುಂಚಿಗೆಯ ಕೆಂಪು ಬಟ್ಟೆ. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ನಿಲ್ಲುತ್ತದೆ. ಮೊದಮೊದಲು ಸಣ್ಣ ಸಣ್ಣ ಹೊಲಿಗೆ, ನಡುವಿಗೆ ಬರೋ ಹೊತ್ತಿಗೆ ದೊಡ್ಡದು. ಅವ್ವನಿಗೆ ಬೇಜಾರಾಗಿದ್ದು ಎಲ್ಲಿ ಅಂತ ಕೈಯಾಡಿಸಿದರೆ ಗೊತ್ತಾಗುತ್ತದೆ. ಚಳಿಗಾಲದಲ್ಲಿ ಇವತ್ತಿಗೂ ಹೊದೆಯುತ್ತೇನೆ. ಅದರ ಪಕ್ಕದಲ್ಲೇ ಗೃಹಪ್ರವೇಶಕ್ಕೆ ಬಂದ ಮೂರು ಮೆತ್ತನೆ ಕಂಬಳಿಗಳು ಪ್ಲಾಸ್ಟಿಕ್ ಚೀಲ ಕೂಡ ಬಿಚ್ಚದೆ ಕೂತಿವೆ. ಬೆಲೆ ಹೇಳಿದರೆ ಅವೇ ಜಾಸ್ತಿ. ಆದರೆ ಅವು ನನ್ನವು ಅಂತ ನನಗೆ ಇನ್ನೂ ಅನಿಸಿಲ್ಲ.

ನಿಮ್ಮ ಅಲ್ಮಾರಿಯ ತುಂಬ ಇರೋದು ಇನ್ನೂ ನಿಮ್ಮದಾಗದ ಸಾಮಾನು. ಒಂಬತ್ತರಲ್ಲಿ ಒಳ್ಳೆಯ ಒಂದು ಜೋಡಿ ಆರಿಸಿ. ಆ ಹಾಸ್ಟೆಲ್ ಹುಡುಗ ಆರಿಸುವಂಥದ್ದು. ಅದನ್ನೇ ದಿನಾ ಹಾಕಿ. ಭಾನುವಾರ ಬೆಳಿಗ್ಗೆ ಜಗಲಿ ಮೇಲೆ ಕೂತು, ಲೇಸು ಬಿಚ್ಚಿ, ಧೂಳು ಒರೆಸಿ, ನೀವೇ ಪಾಲಿಶ್ ಮಾಡಿ. ಅಟ್ಟೆ ಬಿಟ್ಟರೆ ಹೊಸದಕ್ಕೆ ಓಡಬೇಡಿ. ಬಸ್ ಸ್ಟ್ಯಾಂಡ್ ಕಡೆ ಛತ್ರಿ ಹಾಕಿಕೊಂಡು ಕೂರುವ ಚಪ್ಪಲಿ ಹೊಲಿಯುವವರ ಹತ್ತಿರ ಹೋಗಿ, ಕೊಟ್ಟು ಬರಬೇಡಿ, ಅಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಿ. ಮೇಣ ಹಚ್ಚಿದ ದಾರ ಚರ್ಮದೊಳಗೆ ಇಳಿದು ಆಚೆ ಬರುವ ಆ ಸದ್ದು, ಹಲ್ಲು ಕಚ್ಚಿ ಎಳೆಯುವ ಆ ಬಿಗಿ. ಒಮ್ಮೆ ದುರಸ್ತಿ ಮಾಡಿಸಿದ ಬೂಟನ್ನು ಬಿಸಾಡೋಕೆ ಮನಸ್ಸು ಬರೋದಿಲ್ಲ, ನೋಡಿ ಬೇಕಾದರೆ. ಉಳಿದದ್ದರಲ್ಲಿ ಬಾಕ್ಸ್ ಒಡೆಯದವು ಇದ್ದರೆ ಅಳತೆ ಹೊಂದುವ ಯಾರಿಗಾದರೂ ಕೊಡಿ. ನೀವು ಓದಿದ ಹಾಸ್ಟೆಲ್ ಇನ್ನೂ ಇದ್ದರೆ ಅಲ್ಲಿಗೇ ಹೋಗಿ ವಾರ್ಡನ್‌ರನ್ನು ಕೇಳಬಹುದು. ಫೋಟೋ ಹೊಡೆಸಿಕೊಳ್ಳೋದು ಮಾತ್ರ ಬೇಡ.

ಮನೆಯವರ ವಿಷಯಕ್ಕೆ ಬರುತ್ತೇನೆ. ನಿಮ್ಮ ಅಲ್ಮಾರಿ ನಿಮ್ಮದು, ಅವರದ್ದನ್ನು ಮುಟ್ಟಬೇಡಿ. ಹೊಸದಾಗಿ ಸರಳ ಜೀವನಕ್ಕೆ ಬಿದ್ದ ಗಂಡಸರು ಮೊದಲು ಕೈ ಹಾಕೋದೇ ಹೆಂಡತಿಯ ಸೀರೆಗೆ, ತಾಯಿಯ ಹಿತ್ತಾಳೆ ಕೊಡಕ್ಕೆ. ಆಮೇಲೆ ಮನೆಯಲ್ಲಿ ಒಂದು ವಾರ ಮಾತಿಲ್ಲ. ಕೈಯಲ್ಲಿದ್ದದ್ದಕ್ಕೆ ಮನುಷ್ಯ ಹೆಚ್ಚು ಬೆಲೆ ಕಟ್ಟುತ್ತಾನೆ. 1990ರಲ್ಲಿ ಕಾನೆಮನ್, ನೆಚ್, ಥೇಲರ್ ಎಂಬ ಮೂವರು ಸಂಶೋಧಕರು ವಿದ್ಯಾರ್ಥಿಗಳಿಗೆ ಕಾಫಿ ಕಪ್ಪು ಕೊಟ್ಟು ಇದನ್ನು ಅಳೆದರು. ಆಗತಾನೇ ಕಪ್ಪು ಸಿಕ್ಕವರು ಕೇಳಿದ ಬೆಲೆ, ಕಪ್ಪು ಇಲ್ಲದವರು ಕೊಡಲು ಸಿದ್ಧರಿದ್ದ ಬೆಲೆಯ ಸುಮಾರು ಎರಡು ಪಟ್ಟು ಇತ್ತು. ಐದು ನಿಮಿಷದ ಕಪ್ಪಿಗೇ ಹೀಗಾದರೆ ಐವತ್ತು ವರ್ಷದ ಕೊಡದ ಗತಿ ಏನು!

ಇನ್ನು ನಮ್ಮ ಕಡೆ ಅರ್ಧ ಸಾಮಾನು ನಾವು ಕೊಂಡದ್ದೇ ಅಲ್ಲ. ಮದುವೆ, ತೊಟ್ಟಿಲು, ಗೃಹಪ್ರವೇಶ, ಎಲ್ಲದಕ್ಕೂ ಆಹೇರಿ. ಗಂಡಸರಿಗೆ ಟಾವೆಲ್ ಟೋಪಿ, ಹೆಂಗಸರಿಗೆ ಜಂಪರ್ ಪೀಸು. ಯಾರೂ ಹೊಲಿಸೋದಿಲ್ಲ. ನಮ್ಮ ಮನೆಯಿಂದ ಹೋದ ಒಂದು ಹಸಿರು ಜಂಪರ್ ಪೀಸು ಅದೆಷ್ಟು ಮದುವೆ ಸುತ್ತಿತೋ, ಎರಡು ವರ್ಷ ಬಿಟ್ಟು ನಮ್ಮ ಮನೆಗೇ ವಾಪಸ್ ಬಂತು. ಮೂಲೆಯಲ್ಲಿ ನನ್ನ ಕೈಯ ಅರಿಶಿನದ ಕಲೆ ಇತ್ತು, ಹಾಗಾಗಿ ಗುರುತು ಹಿಡಿದೆ. ಇದನ್ನು ಬೇಡ ಅನ್ನೋಕೆ ಹೋದರೆ ಸಂಬಂಧ ಕೆಡುತ್ತದೆ, ಸುಮ್ನೆ ತಗೊಳ್ಳಿ. ನಿಮ್ಮ ಕಡೆಯಿಂದ ಕೊಡುವಾಗ ಬೇರೆ ಏನಾದರೂ ಕೊಡಿ. ನಾನು ಈಗ ಒಂದು ಕಿಲೋ ಒಳ್ಳೆ ತೊಗರಿ ಬೇಳೆ ಕಟ್ಟಿ ಕೊಡುತ್ತೇನೆ. ನಮ್ಮ ಕಲಬುರಗಿ ಬೇಳೆಗೆ 2019ರಲ್ಲಿ ಜಿಐ, ಅಂದರೆ ಇದು ಈ ಊರಿನದೇ ಅನ್ನೋ ಗುರುತಿನ, ಮಾನ್ಯತೆಯೂ ಸಿಕ್ಕಿದೆ, ಕೊಡೋಕೆ ಸಣ್ಣದು ಅನಿಸೋದಿಲ್ಲ. ಒಂದು ತಿಂಗಳಲ್ಲಿ ಖಾಲಿ ಆಗುತ್ತದೆ, ಯಾರ ಅಲ್ಮಾರಿಯಲ್ಲೂ ಕೂರೋದಿಲ್ಲ. ಮೊದಲ ಸಲ ಕೊಟ್ಟಾಗ ನಮ್ಮ ವೈನಿ ಮುಖ ಸೊಟ್ಟ ಮಾಡಿದರು. ಈಗ ಅವರೇ ಕೇಳುತ್ತಾರೆ, ‘ಈ ಸಲ ಬ್ಯಾಳಿ ತಂದಿಲ್ಲೇನು?’

ಉಳಿದ ದುಡ್ಡು ಎಲ್ಲಿ ಹಾಕಲಿ ಅನ್ನೋದು ಮುಂದೆ ಬರುವ ಪ್ರಶ್ನೆ. ಒಂದು ಭಾಗ ಕೂಡಿಡಿ, ಅದು ಗೊತ್ತಿರುವ ಮಾತು. ಒಂದು ಭಾಗ ಖರ್ಚು ಮಾಡಿ, ಆದರೆ ಸಾಮಾನಿಗೆ ಅಲ್ಲ. ಹೋದ ಎಳ್ಳಮವಾಸ್ಯೆಗೆ ಊರಿಗೆ ಹೋಗಿದ್ದಿರಾ? ಹೋಗಿದ್ದರೆ ಅವತ್ತಿನದ್ದೆಲ್ಲ ನೆನಪಿರುತ್ತದೆ. ಹೊಲದಲ್ಲಿ ಚರಗ ಚೆಲ್ಲಿದ್ದು, ಮರದ ಕೆಳಗೆ ಜಮಖಾನ ಹಾಸಿ ಕೂತದ್ದು, ಹಸಿ ಕಾಳು, ಬದನೆಕಾಯಿ ಎಲ್ಲ ಬಿದ್ದ ಭಜ್ಜಿ, ಸಜ್ಜೆ ರೊಟ್ಟಿ, ಉಂಡು ಅಲ್ಲೇ ಕಣ್ಣು ಮುಚ್ಚಿದ್ದು. ಅದೇ ತಿಂಗಳು ಏನೇನು ಆರ್ಡರ್ ಹಾಕಿದ್ದಿರಿ ಅಂತ ನೋಟ್‌ಬುಕ್ ನೋಡದೆ ಹೇಳಿ ನೋಡೋಣ. ವಸ್ತುವಿಗೆ ಹಾಕಿದ ದುಡ್ಡಿಗಿಂತ ಇಂಥ ದಿನಗಳಿಗೆ ಹಾಕಿದ ದುಡ್ಡು ಜನರಿಗೆ ಹೆಚ್ಚು ಸಂತೋಷ ಕೊಡುತ್ತದೆ ಅಂತ 2003ರಲ್ಲಿ ವಾನ್ ಬೋವನ್ ಮತ್ತು ಗಿಲೊವಿಚ್ ತಮ್ಮ ಅಧ್ಯಯನದಲ್ಲಿ ತೋರಿಸಿದರು. ಈ ವರ್ಷ ನಾಲ್ಕು ಜನ ಹಾಸ್ಟೆಲ್ ಗೆಳೆಯರನ್ನು ಹುಡುಕಿ ಹೊಲಕ್ಕೆ ಕರೆಯಿರಿ. ಆರೂವರೆ ಸಾವಿರಕ್ಕಿಂತ ಕಡಿಮೆಯಲ್ಲೇ ಮುಗಿಯುತ್ತದೆ.

ಒಂದು ವಿಷಯ ಮಾತ್ರ ಹಗುರವಾಗಿ ತಗೊಳ್ಳಬೇಡಿ. ಸಾಲ ಮಾಡಿ ಕೊಳ್ಳುತ್ತಿದ್ದರೆ, ಪಾರ್ಸೆಲ್‌ಗಳನ್ನು ಮನೆಯವರಿಂದ ಮುಚ್ಚಿಡುತ್ತಿದ್ದರೆ, ಬಿಡಬೇಕು ಅಂತ ಮೇಲಿಂದ ಮೇಲೆ ಪ್ರಯತ್ನಿಸಿಯೂ ಆಗದಿದ್ದರೆ, ಅಥವಾ ಆ ‘ಖಾಲಿ ಖಾಲಿ’ ದಿನವಿಡೀ ಇದ್ದು ಊಟ, ನಿದ್ದೆ ಕೆಟ್ಟಿದ್ದರೆ, ನೋಟ್‌ಬುಕ್ ಸಾಲದು. ಮನೋವೈದ್ಯರನ್ನು ಕಾಣಬೇಕು. ಖಿನ್ನತೆ ಕೆಲವೊಮ್ಮೆ ಶಾಪಿಂಗ್ ವೇಷದಲ್ಲಿ ಬರುತ್ತದೆ. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಹತ್ತು ಗಂಟೆಗೂ ಎತ್ತುತ್ತಾರೆ. ನಿಮ್ಮ ಪತ್ರ ಓದಿದರೆ ಅಷ್ಟು ದೂರ ಹೋದಂತೆ ಕಾಣೋದಿಲ್ಲ, ಆದರೆ ಪತ್ರದಲ್ಲಿ ಎಲ್ಲವನ್ನೂ ಯಾರೂ ಬರೆಯೋದಿಲ್ಲ.

ನೋಟ್‌ಬುಕ್ ಇವತ್ತೇ ಶುರು ಮಾಡಿ, ಮೂರು ತಿಂಗಳು ಬಿಟ್ಟು ಮತ್ತೆ ಬರೆಯಿರಿ. ಎಷ್ಟು ಉಳಿಯಿತು ಅನ್ನೋದಕ್ಕಿಂತ ಯಾವ ಬೂಟು ಸವೆಯಿತು ಅಂತ ಬರೆದರೆ ನನಗೆ ಹೆಚ್ಚು ಗೊತ್ತಾಗುತ್ತದೆ. ಹಾಗೇ ಆ ಟ್ರಂಕ್ ಈಗ ಎಲ್ಲಿದೆ ಅನ್ನೋದನ್ನೂ ಬರೆಯಿರಿ. ಊರಲ್ಲಿದೆಯಾ, ಅಟ್ಟದ ಮೇಲಿದೆಯಾ, ಇಲ್ಲ ಮೂರು ತಿಂಗಳ ಹಿಂದೆ ಹೊರಗೆ ಹಾಕಿದ ಸಾಮಾನಿನಲ್ಲಿ ಅದೂ ಹೋಯಿತಾ?